ಪೆಟ್ಟಿಗೆ ಬಿಟ್ಟುಹೋದ ಟೋಪಿ

೧೯೧೨ರ ನವೆಂಬರ್ ೨೬, ಮಂಗಳವಾರ. ಪ್ಯಾರಿಸ್ಸಿನ ಒಪೆರಾ ಬಡಾವಣೆಯ ಠಾಣೆ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದವಳಂತೆ ಟೋಪಿ ಅಂಗಡಿಯ ಒಡತಿ ಮದಾಂ ಲಾಂಗ್ಲೆ ನುಗ್ಗಿ ಬಂದಳು. ಗಾಜಿನ ಬೀರುವಿನಲ್ಲಿದ್ದ ಕಪ್ಪು ಮಖಮಲ್ಲಿನ ಟೋಪಿ ನಿನ್ನೆ ಹಬ್ಬದ ಗದ್ದಲದಲ್ಲಿ ಕಳುವಾಗಿತ್ತು. ಅದರ ಮೇಲೆ ಸ್ವರ್ಗಪಕ್ಷಿಯ ಇಡೀ ಗರಿಗೊಂಚಲಿತ್ತು. ಬರುವ ಭಾನುವಾರ ಮಗ ರೆಮಿಯ ನಿಶ್ಚಿತಾರ್ಥ, ಆ ಟೋಪಿ ಮದುವೆಯ ಹುಡುಗಿಗೆ ಕೊಡಬೇಕಾದ ಉಡುಗೊರೆ.

“ಎದುರಂಗಡಿಯವನದೇ ಕೆಲಸ. ನನ್ನ ಮಾದರಿ ನಕಲು ಮಾಡೋ ಕಳ್ಳ ಅವನು. ಒಳಗೆ ಹಾಕಿ.”

“ಮೊದಲು ಜಾಗ ನೋಡೋಣ, ಮದಾಂ,” ಎಂದು ಇನ್ಸ್‌ಪೆಕ್ಟರ್ ತಿಬೋದೆ ದೂರು ದಾಖಲಿಸಿಕೊಂಡ.

“ಊರಿಗೆಲ್ಲ ಟೋಪಿ ಹಾಕೋಳಿಗೇ ಯಾರೋ ಟೋಪಿ ಹಾಕಿದಾರೆ ಸಾಹೇಬ್ರೆ,” ಎಂದು ಪೇದೆ ಪ್ರುವೋ ದಾರಿಯಲ್ಲಿ ಕಿಸಕ್ಕೆಂದ.

ಮಹಜರಿನಲ್ಲಿ ಕಂಡದ್ದು ಇಷ್ಟು: ಬೀಗ ಮುರಿದಿಲ್ಲ, ಬೀಗದ ಕೈ ಹೊಲಿಗೆ ಕೋಣೆಯ ಮೊಳೆಯಲ್ಲೇ ಇದೆ, ಟೋಪಿಯ ದುಂಡು ಪೆಟ್ಟಿಗೆ ಇದ್ದಲ್ಲೇ ಇದೆ. ತಿಬೋದೆ ಆ ಪೆಟ್ಟಿಗೆಯನ್ನೇ ನೋಡುತ್ತ ನಿಂತ. ಗರಿ ಮುರಿದರೆ ಅಂಥ ಟೋಪಿ ಮೂರು ಕಾಸಿಗೂ ಬಾಳದು. ಕದ್ದು ಮಾರುವವನು ಪೆಟ್ಟಿಗೆ ಬಿಟ್ಟು ಹೋಗುತ್ತಾನೆಯೇ? ಅಂದಮೇಲೆ ಟೋಪಿ ಯಾರದೋ ತಲೆಯ ಮೇಲೆಯೇ ಹೊರಬಿದ್ದಿದೆ. ಬೀಗದ ಕೈ ಎಟುಕುವುದು ಹೊಲಿಗೆಯವರಿಗೆ; ಆದರೆ ದಿನವೂ ಬರಿತಲೆಯಲ್ಲಿ ಓಡಾಡುವ ಹೊಲಿಗೆ ಹುಡುಗಿ ಅದನ್ನು ತೊಟ್ಟರೆ ಬೀದಿನಾಯಿಯೂ ತಿರುಗಿ ನೋಡುತ್ತದೆ. ನೋಡದಿರುವುದು ವರ್ಷಕ್ಕೊಂದೇ ದಿನ, ನಿನ್ನೆ. ಸಂತ ಕ್ಯಾಥರೀನಳ ಹಬ್ಬದಂದು, ಇಪ್ಪತ್ತೈದು ತುಂಬಿಯೂ ಮದುವೆಯಾಗದವಳಿಗೆ ಗೆಳತಿಯರೇ ಹಳದಿ-ಹಸಿರು ಟೋಪಿ ಹೊಲಿದು ತೊಡಿಸಿ, ಬೀದಿಯಲ್ಲಿ ಮೆರೆಸಿ, ಸಂತಳ ಮೂರ್ತಿಗೆ ಹೂವು ಏರಿಸುತ್ತಾರೆ.

ಹೊಲಿಗೆ ಕೋಣೆಯ ಗೂಟಗಳಲ್ಲಿ ಅಂಥ ಎರಡು ಟೋಪಿ ನೇತಾಡುತ್ತಿದ್ದವು.

“ಈ ವರ್ಷ ಇಪ್ಪತ್ತೈದು ತುಂಬಿದವರು ಎಷ್ಟು ಜನ?”

“ಮೂವರು,” ಎಂದಳು ಒಬ್ಬ ಹುಡುಗಿ.

“ಮೂರನೇ ಟೋಪಿ?”

“ಒದೀಲ್‌ಗೆ ನಾವು ಹೊಲೀಲಿಲ್ಲ ಸಾಹೇಬ್ರೆ. ಅವಳಿಗೆ ಮದುವೆ ಗೊತ್ತಾಗಿದೆ ಅಂದ್ಕೊಂಡಿದ್ವಿ.”

“ಯಾರ ಜೊತೆ?”

ಹುಡುಗಿಯರ ಕಣ್ಣೆಲ್ಲ ಬಾಗಿಲಲ್ಲಿ ನಿಂತಿದ್ದ ರೆಮಿಯ ಕಡೆ ಹೋಗಿ ಬಂದವು. ರೆಮಿ ಕೈಗವಸು ಸರಿಮಾಡಿಕೊಂಡ.

“ಕೆಲಸದವಳು. ಅಷ್ಟೇ ನಂಗೊತ್ತು.”

ಒದೀಲ್ ಆ ದಿನ ಕೆಲಸಕ್ಕೆ ಬಂದಿರಲಿಲ್ಲ.

ಮೆರವಣಿಗೆ ಹೋದ ದಾರಿ ಹಿಡಿದು ತಿಬೋದೆ, ಪ್ರುವೋ ಇಬ್ಬರೂ ಕ್ಲೆರಿ ಬೀದಿಯ ಮೂಲೆಗೆ ಬಂದರು. ಅಲ್ಲಿ ಗೋಡೆಯ ಮೇಲೆ ಸಂತಳ ಮೂರ್ತಿ, ಕೆಳಗೆ ಚೆಸ್ಟ್‌ನಟ್ ಹುರಿಯುವ ಮುದುಕಿ.

“ನಿನ್ನೆ ದೊಡ್ಡ ಟೋಪಿಯವಳು ಯಾರಾದ್ರೂ ಬಂದಿದ್ಲಾ, ಅಜ್ಜಿ?”

“ಬರ್ದೇ ಏನು? ಬಂದೋರೆಲ್ಲ ಹಲ್ಲು ಕಿರೀತಿದ್ರು. ಅವಳೊಬ್ಬಳೇ ಅಳ್ತಿದ್ಲು. ನನ್ನ ಸ್ಟೂಲು ಇಸ್ಕೊಂಡು ಮೇಲೆ ಹತ್ತಿದ್ಲಪ್ಪ.”

ಪ್ರುವೋ ಅದೇ ಸ್ಟೂಲು ಹತ್ತಿ ಕಾಗದದ ಹೂಗಳನ್ನು ಸರಿಸಿದ. ಸಂತಳ ತಲೆಯ ಮೇಲೆ, ಹಳದಿ ರಿಬ್ಬನ್ನಿನಲ್ಲಿ ಬಿಗಿದ ಕಪ್ಪು ಟೋಪಿ. ಇಬ್ಬನಿಗೆ ಗರಿಗಳು ಜೋತುಬಿದ್ದಿದ್ದವು.

ಮಧ್ಯಾಹ್ನ ಒದೀಲಳನ್ನು ಅವಳ ಕೋಣೆಯಲ್ಲೇ ಬಂಧಿಸಿ ಠಾಣೆಗೆ ತಂದರು.

“ಕದ್ದಿದ್ದು ನೀನೇನಮ್ಮ?”

“ಹೌದು.”

“ಮಾರೋಕಾ?”

“ಮಾರೋ ಹಾಗಿದ್ರೆ ಪೆಟ್ಟಿಗೇಲಿ ತಗೊಂಡ್ಹೋಗ್ತಿದ್ದೆ. ರೆಮಿ ನನ್ನ ತಲೆಗೇ ಅಳತೆ ತಗೋ ಅಂದಿದ್ರು. ಯಾರಿಗೆ ಅಂತ ನಾನು ಕೇಳ್ಲಿಲ್ಲ, ಕೇಳೋದೇನಿದೆ ಅಂದ್ಕೊಂಡೆ. ನಿನ್ನೆ ಮದಾಂ ಎಲ್ಲರ ಮುಂದೆ ಅವರು ಮದುವೆಯಾಗೋ ಹುಡುಗಿ ಹೆಸರು ಹೇಳಿದ್ರು.”

“ಅದಕ್ಕೆ?”

“ಇಪ್ಪತ್ತೈದಾಯ್ತು, ಗಂಡಿಲ್ಲ. ನಂಗೂ ಒಂದು ಟೋಪಿ ಬೇಕಿತ್ತಲ್ಲ ಸಾಹೇಬ್ರೆ? ಯಾರೂ ಹೊಲಿದಿರ್ಲಿಲ್ಲ. ನಾನೇ ಹೊಲಿದಿದ್ದು ಅದೊಂದಿತ್ತು.”

ತಿಬೋದೆ ಮದಾಂ ಲಾಂಗ್ಲೆಯನ್ನು ಕರೆಸಿದ. ಮಾಲು ಸಿಕ್ಕಿದೆ, ದೂರು ಹಿಂದಕ್ಕೆ ಪಡೆದರೆ ಹುಡುಗಿ ಜೈಲಿನಿಂದ ಉಳಿಯುತ್ತಾಳೆ ಎಂದ. ಮದಾಂ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಭಾನುವಾರಕ್ಕೆ ಬೇಕು. ಇದನ್ನ ಸರಿಮಾಡೋ ಕೈ ಇವಳದ್ದೊಂದೇ. ಇಲ್ಲೇ ಮಾಡಿಕೊಟ್ಟು ಆಮೇಲೆ ಹೋಗ್ಲಿ.”

“ದೂರು?”

“ಅದು ಬೇರೆ, ಇದು ಬೇರೆ.”

ತಿಬೋದೆ ಒದೀಲಳ ಕಡೆ ತಿರುಗಿದ. “ನೀನು ಮಾಡಬೇಕಾಗಿಲ್ಲ ಕಣಮ್ಮ,” ಎಂದ. ಒದೀಲ್ ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಠಾಣೆಯ ಒಲೆಯ ಮೇಲಿದ್ದ ಕೆಟಲ್ಲಿನ ಹಬೆಗೆ ಒಂದೊಂದೇ ಗರಿ ಹಿಡಿದು ಎಬ್ಬಿಸಿದಳು, ಅಂಚು ಬಿಗಿದಳು. ಕೊನೆಗೆ ಸರಿ ಬಂತೇ ಎಂದು ತನ್ನ ತಲೆಗೇ ಇಟ್ಟು, ಕಿಟಕಿಯ ಗಾಜಿನಲ್ಲಿ ನೋಡಿಕೊಂಡಳು. ಪ್ರುವೋ ಮುಖ ತಿರುಗಿಸಿದ.

“ಆಗತ್ತೆ,” ಎಂದು ತೆಗೆದು, ಮದಾಂ ತಂದಿದ್ದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಎರಡೂ ಕೈಗಳನ್ನು ಬೇಡಿಗೆ ಚಾಚಿದಳು.

ಮದಾಂ ರಸೀದಿಗೆ ಸಹಿ ಹಾಕಿ ಪೆಟ್ಟಿಗೆ ಒಯ್ದಳು. ವರದಿಯಲ್ಲಿ ಕಳವಿಗೆ ಕಾರಣ ಬರೆಯಬೇಕಿತ್ತು. ದುರಾಸೆ ಎಂದು ಬರೆಯಲು ಹೋಗಿ ತಿಬೋದೆ ಹೊಡೆದುಹಾಕಿದ. ಬಹಳ ಹೊತ್ತಿನ ಮೇಲೆ ಬರೆದ: “ಹಬ್ಬದ ದಿನ ಆರೋಪಿಯ ತಲೆಗೆ ಟೋಪಿ ಇರಲಿಲ್ಲ.”