ಅಡುಗೆಮನೆಯ ಗೋಡೆ

ಗರಗದಲ್ಲಿರುವ ನನ್ನ ಅಕ್ಕನ ಹಿರಿಯ ಸೊಸೆ ಶಿವಲೀಲಾಗೆ ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮಣ್ಣು ಕೆರೆದು ತಿನ್ನುವ ಚಟವಿತ್ತು. ರಕ್ತ ಕಡಿಮೆಯಿದೆ, ಮನಸ್ಸಿನಲ್ಲೂ ಏನೋ ಅಂಜಿಕೆಯಿದೆ, ಬೈದಷ್ಟೂ ಹೆಚ್ಚಾಗುತ್ತದೆ ಎಂದು ಸತ್ತೂರಿನ ಡಾಕ್ಟರು ಹೇಳಿದ್ದರು. ಅಕ್ಕ ಕೇಳಲಿಲ್ಲ. "ರೊಟ್ಟಿ ಸಾಲಂಗಿಲ್ಲೇನವಾ? ಇಡೀ ಮನೀನ ತಿಂದು ಮುಗಸು," ಎನ್ನುತ್ತ ಅವಳ ಕೈ ಕಟ್ಟಿ ಕೂರಿಸುತ್ತಿದ್ದಳು. ಹೆರಿಗೆಯಲ್ಲಿ ಆ ಹುಡುಗಿ ತೀರಿಕೊಂಡಳು. ಅಕ್ಕ ಗೋಡೆ ಕೆಡವಿಸಿ ಸಿಮೆಂಟಿನದು ಕಟ್ಟಿಸಿದಳು.

ಕಳೆದ ವರ್ಷ ಕಿರಿಯ ಸೊಸೆ ಭಾಗ್ಯಶ್ರೀಯ ಸೀಮಂತದ ಕುಬಸಕ್ಕೆ ಹೋಗಿದ್ದೆ. ತುಂಬು ಬಸುರಿಯಾದರೂ ನನ್ನ ಬೆನ್ನಿಗೆ ದಿಂಬು ತಂದುಕೊಟ್ಟಳು. ಊಟವಾದ ಮೇಲೆ ಅಡುಗೆಮನೆಯಲ್ಲಿ ಹಸಿಮಣ್ಣಿನ ವಾಸನೆ ಬಂತು. ಬಾಗಿಲ ಹಿಂದೆ ಸಿಮೆಂಟಿನಲ್ಲಿ ಬೊಗಸೆಯಷ್ಟು ತಗ್ಗು ಬಿದ್ದಿತ್ತು. ಮುಟ್ಟಿದರೆ ತಣ್ಣಗೆ, ಎಂಜಲಿನಂತೆ ಜಿಗುಟು. ಅಂಚಿನಲ್ಲಿ ಉಗುರಿನ ಗೀರುಗಳು.

ಅಕ್ಕ ಭಾಗ್ಯಶ್ರೀಯ ಗದ್ದ ಹಿಡಿದಳು. "ಬಾಯಿ ತೆಗಿ."

ಬಾಯಿ ಸ್ವಚ್ಛವಾಗಿತ್ತು, ಉಗುರುಗಳೂ. "ನಾ ಅಲ್ರೀ ಅತ್ತಿ," ಎಂದಳು.

"ಆಕೀನೂ ಹಿಂಗ ಅಂತಿದ್ಲು," ಎಂದು ಅಕ್ಕ ಹಸಿರು ಬಳೆಗಳ ಮೇಲೆಯೇ ಟವೆಲ್ ಸುತ್ತಿ ಅವಳ ಕೈ ಕಟ್ಟಿದಳು. ನಾನು ಬಿಚ್ಚಲು ಹೋದರೆ ಭಾಗ್ಯಶ್ರೀಯೇ ತಡೆದಳು. "ಇರ್ಲಿ ಬಿಡ್ರಿ ಚಿಗವ್ವ, ನನ್ನ ಸಲುವಾಗಿ ನಿಮ್ಮಿಬ್ಬರೊಳಗ ಜಗಳ ಬ್ಯಾಡ."

ಮೂವರೂ ಪಡಸಾಲೆಯಲ್ಲಿ ಕೂತೆವು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಗೋಡೆ ಕೆರೆಯುವ ಸದ್ದು ಬರತೊಡಗಿತು, ನಿಧಾನವಾಗಿ, ಹಸಿದವರು ಕೆರೆದಂತೆ. ಅಕ್ಕನಿಗೂ ಕೇಳಿಸಿತು, ಅವಳ ಮುಖ ಅತ್ತ ತಿರುಗಿದ್ದನ್ನು ನಾನು ನೋಡಿದೆ. ಆದರೂ ಸಂಜೆಯವರೆಗೆ ಅವಳು ಆ ಗಂಟು ಬಿಚ್ಚಲಿಲ್ಲ.