ಅಪ್ಪನ ಬೆಸುಗೆಯ ಮೇಲೆ ಅವನ ಬೆಸುಗೆ

"ನಿಲ್ಸಿ! ಕೈ ತೆಗೀರಿ ಅದರ ಮೇಲಿಂದ!"

ಬಿಡಿಭಾಗಗಳ ಅಂಗಡಿಯ ಇಕ್ಕಟ್ಟಾದ ಕೌಂಟರಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಅಂಗಡಿಯವನ ಕೈಯಲ್ಲಿ ಬೆಸುಗೆ ಹಾಕುವ ಕಾದ ಸೋಲ್ಡರಿಂಗ್ ಐರನ್, ಎದುರಿಗೆ ಕೂಗಿದ ಹುಡುಗಿ ತಂದಿದ್ದ ಹಳೆಯ ರೇಡಿಯೋದ ಬೋರ್ಡು.

ಕೆಟ್ಟ ಭಾಗವನ್ನು ಕಳಚಬೇಕಾದರೆ ಹಳೆಯ ಬೆಸುಗೆ ತೆಗೆಯಬೇಕು. ಅದಕ್ಕೆ ಕರಗಿದ ಸೋಲ್ಡರ್ ಲೋಹ ಹೀರುವ ಪಂಪು ಒಳ್ಳೆಯದೋ, ತಾಮ್ರದ ಎಳೆ ಹೆಣೆದ ಪಟ್ಟಿ ಒಳ್ಳೆಯದೋ ಎಂದಷ್ಟೇ ಅವಳು ಕೇಳಿದ್ದಳು. "ಕೊಡಿ, ತೋರಿಸ್ತೀನಿ" ಎಂದವನು ಮಾಡಿದ್ದೇನು? ಹಳೆಯ ಬೆಸುಗೆಯ ಮೇಲೆ ಹೊಸ ಸೋಲ್ಡರ್ ಸೇರಿಸಿದ್ದ!

"ತೆಗೆಯೋಕೆ ಹೇಳಿದ್ರೆ ಮತ್ತೆ ಮೆತ್ತುತಾ ಇದ್ದೀರಲ್ಲ! ಇದು ನಮ್ಮಪ್ಪ ಕೈಯಾರೆ ಬೆಸೆದ ರೇಡಿಯೋ, ಗೊತ್ತಾ?"

"ಒಂದ್ನಿಮಿಷ ಕೇಳಿ ಮೇಡಂ..."

ಕೇಳುವ ತಾಳ್ಮೆ ಅವಳಿಗೆಲ್ಲಿತ್ತು! ಬೋರ್ಡನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ಆ ಎಳೆದಾಟದಲ್ಲಿ ಐರನ್ನಿನ ತುದಿ ಅವನ ಬೆರಳಿಗೇ ತಾಗಿತು. ಅವನು ತುಟಿ ಕಚ್ಚಿ ಸುಮ್ಮನಾದ. ನೋಡಿಯೂ ನೋಡದವಳಂತೆ ಒಂದು ಪಂಪು ಕೊಂಡು ಬಿರಬಿರನೆ ನಡೆದುಬಿಟ್ಟಳು. ಮೂಗಿನ ತುದಿಯಲ್ಲೇ ಕೋಪ ಈ ಹುಡುಗಿಗೆ!

ಆದರೆ ಕೋಪದ ಕೆಳಗಿದ್ದದ್ದು ಭಯ. ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ಜೊತೆಯಾಗಿದ್ದದ್ದು ಆ ರೇಡಿಯೋ ಒಂದೇ. ಅದು ಕೆಟ್ಟ ದಿನದಿಂದ ಅಪ್ಪ ಮಾತು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಾವೇ ರಿಪೇರಿ ಮಾಡೋಣವೆಂದರೆ ಕೈ ನಡುಗುತ್ತದೆ. ಊಟವೂ ಅರ್ಧಕ್ಕೇ ಸಾಕು.

'ಅಪ್ಪನೂ ನನ್ನ ಬಿಟ್ಟು ಹೋಗಿಬಿಟ್ರೆ...?'

ಮನೆಯಲ್ಲಿ ಹೊಲಿಗೆ ಯಂತ್ರ ಸರಿಸಿ, ಅಪ್ಪನ ಹಳೆಯ ಐರನ್ ಹಿಡಿದು ಕೂತಳು. ಟೈಲರ್ ಕೈ, ನಡುಗುವುದಿಲ್ಲ. ಆದರೂ ಬೆಸುಗೆ ಜಗ್ಗಲಿಲ್ಲ! ಕಾಯಿಸಿ ಪಂಪಿನ ಗುಂಡಿ ಒತ್ತಿದಳು... ಟಕ್! ಮಂಕಾದ ಬೆಸುಗೆ ಅಲ್ಲೇ ಇತ್ತು. ಇನ್ನಷ್ಟು ಕಾಯಿಸಿದಳು. ಬೋರ್ಡಿನಲ್ಲಿ ವಿದ್ಯುತ್ ಹರಿಯುವ ತಾಮ್ರದ ಗೆರೆಯೇ ಎದ್ದು ಬಂತು!

ಕಣ್ಣು ತುಂಬಿ ಬಂತು. ಕೊನೆಗೆ, ಅಂಗಡಿಯವನು ಹೊಸ ಸೋಲ್ಡರ್ ಸೇರಿಸಿದ್ದ ಜಾಗವನ್ನು ಕಾಯಿಸಿ ಪಂಪು ಹಿಡಿದಳು. ಒಂದೇ ಸಲಕ್ಕೆ ಬೆಸುಗೆಯೆಲ್ಲ ಹೀರಿಕೊಂಡು ತೂತು ಸ್ವಚ್ಛವಾಯಿತು.

"ಇದೊಂದೇ ಹೇಗೆ ಬಂತು...?"

"ಹಳೇ ಬೆಸುಗೆ ಸುಲಭಕ್ಕೆ ಕರಗಲ್ಲ ಪುಟ್ಟಿ. ಮೊದ್ಲು ಸ್ವಲ್ಪ ಹೊಸದು ಸೇರಿಸ್ಬೇಕು. ಆಗ ಎರಡೂ ಒಟ್ಟಿಗೆ ಬರುತ್ತೆ."

ಅಪ್ಪ! ಗೋಡೆಯ ಕಡೆಯಿಂದ ಹೊರಳಿ, ಅವಳನ್ನೇ ನೋಡುತ್ತಿದ್ದರು!

"ಅದನ್ನ ಮಾಡಿದ್ದು ಯಾರಮ್ಮ? ಕೆಲಸ ಬಲ್ಲವನು."

"ನಾನು... ಅವರಿಗೆ ಬೈದು ಬಂದೆ ಅಪ್ಪಾ. ಅವರ ಕೈಯನ್ನೂ ಸುಟ್ಟೆ."

"ಹೋಗಿ ಕರ್ಕೊಂಡು ಬಾ."

ಅಂಗಡಿಯಲ್ಲಿ ಅವನ ಬೆರಳಿಗೆ ಸುತ್ತಿದ್ದ ಬಟ್ಟೆ ಕಂಡು ಅವಳು ತಲೆ ತಗ್ಗಿಸಿದಳು.

"ತಪ್ಪಾಯ್ತು... ಬೋರ್ಡನ್ನ ನಾನೇ ಹಾಳು ಮಾಡಿದೆ. ಮನೆಗೆ ಬರ್ತೀರಾ?"

ಅವನು ಅಂಗಡಿಯ ಬಾಗಿಲೆಳೆದು ಹೊರಟೇಬಿಟ್ಟ. ಕಿತ್ತುಹೋದ ಗೆರೆಯ ಬದಲಿಗೆ ಸಣ್ಣ ತಂತಿ ಜೋಡಿಸಿದ. ಅವಳು ಕಾಯಿಸಿದಳು, ಅವನು ಪಂಪು ಹಿಡಿದ; ಕೆಟ್ಟ ಭಾಗ ಹೋಗಿ ಹೊಸದು ಕೂತಿತು. ಸಂಜೆಗೆ ರೇಡಿಯೋ ಗೊರಗುಟ್ಟಿ, ಆಮೇಲೆ ಹಾಡಿತು. ಅಪ್ಪ ಎದ್ದು ಕೂತು ತಟ್ಟೆ ಖಾಲಿ ಮಾಡಿದರು. ಅವಳು ಅಡುಗೆಮನೆಗೆ ಹೋಗಿ ಅತ್ತಳು.

ಆಮೇಲೂ ಅವನು ಬರುತ್ತಲೇ ಇದ್ದ. ಅಟ್ಟದ ಮೇಲಿನ ಕೆಟ್ಟ ರೇಡಿಯೋ ಸೆಟ್ಟುಗಳೆಲ್ಲ ಕೆಳಗಿಳಿದವು. ಕೆಡದೇ ಇದ್ದದ್ದನ್ನೂ ಅಪ್ಪ ಕೆಟ್ಟಿದೆ ಎಂದರು!

ಒಂದು ಸಂಜೆ ಅವಳು ಕೇಳಿಯೇಬಿಟ್ಟಳು. "ಅವತ್ತು ಯಾಕೆ ಸುಮ್ಮನಾದ್ರಿ? ನನಗೆ ಎದುರು ಮಾತಾಡಬಹುದಿತ್ತಲ್ಲ?"

"ನೀವು ಆ ಬೋರ್ಡನ್ನ ಎದೆಗೆ ಅವಚಿಕೊಂಡಿದ್ರಿ..." ಅವನು ತಲೆ ಎತ್ತಲಿಲ್ಲ. "ನನಗೆ ಅಂತ ಯಾರೂ ಇಲ್ಲ. ನನ್ನನ್ನೂ ಯಾರಾದ್ರೂ ಹಾಗೆ ಕಾಪಾಡಿದ್ರೆ ಅನ್ನಿಸ್ತು. ಮಾತೇ ಹೊರಡ್ಲಿಲ್ಲ."

ಅವಳು ಕೈಯಲ್ಲಿದ್ದ ಪಂಪನ್ನು ಕೆಳಗಿಟ್ಟಳು.

"ಪುಟ್ಟಿ," ಮಂಚದಿಂದ ಅಪ್ಪನ ದನಿ. "ರೇಡಿಯೋ ಸ್ವಲ್ಪ ಆಫ್ ಮಾಡಮ್ಮ. ಅವನೇನೋ ಹೇಳ್ತಿದ್ದಾನೆ, ನನಗೆ ಕೇಳಿಸ್ತಿಲ್ಲ."

ಅವಳು ಆಫ್ ಮಾಡಿದಳು. ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕೆ ಈ ಸಲ ಯಾರೂ ಹೆದರಲಿಲ್ಲ.

"ಈಗ ಹೇಳಿ..."

"ಇಲ್ಲೇ... ನಿಮ್ಮಿಬ್ಬರ ಜೊತೆ ಇದ್ದುಬಿಡ್ಲಾ?"

"ಇರಿ," ಎಂದಳು ಅವಳು, ಅಂದು ಸುಟ್ಟಿದ್ದ ಅವನ ಬೆರಳನ್ನು ಮೆಲ್ಲನೆ ಹಿಡಿದು.