ಕುರ್ಡಿ ಬನದ ಸವಾರಿ

ಹಿಂಗಾರಿ ಜೋಳ ಎದೆಮಟ್ಟ ಬೆಳೆದು ನಿಂತ ಚಳಿಗಾಲ, ಹೊತ್ತು ಇಳಿಯುವ ಸಮಯ. ಎಪ್ಪತ್ತೊಂಬತ್ತನೇ ಇಸವಿ ಇರಬೇಕು. ಮಾನ್ವಿಯ ಮಠದ ಮುಂದೆ ವ್ಯಾನು ನಿಂತಿತ್ತು. ವ್ಯಾನಿನ ಮಾಲೀಕ ರಾಮಲಿಂಗಪ್ಪ ಕೆಳಗಿಳಿದು, ಒಳಗೆ ಕೂತಿದ್ದ ಶೇಷಗಿರಿಯ ಕಡೆ ಕೈ ಮಾಡಿ, ಕಟ್ಟೆಯ ಮೇಲೆ ಕೂತಿದ್ದ ಮುದುಕರಿಗೆ ಹೇಳಿದ.

"ಆಚಾರ್ರ, ನಿಮ್ಮ ಮಗ ಭಾಳ ಶಾಣ್ಯಾ ಅದಾನ್ರಿ. ನೀವು ಊರ ಮಂದಿಗಿ ತೀರ್ಥ ಕೊಡ್ತೀರಿ, ಅಂವ ಪರಊರ ಮಂದಿಗಿ ಸೇಂದಿ ಕೊಡ್ತಾನ. ಮನಿತನದ ಕಸುಬು ಬಿಟ್ಟಿಲ್ಲ ನೋಡ್ರಿ."

ವ್ಯಾನಿನಲ್ಲಿದ್ದವರು ನಕ್ಕರು. ಮಠದ ಅರ್ಚಕರಾಗಿದ್ದ ಜಯತೀರ್ಥಾಚಾರ್ಯರು ಎದ್ದು ನಿಂತರು. ಪಕ್ಕದ ತಮ್ಮ ಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮಗ ರಾಯಚೂರಿನಲ್ಲಿ ಬಂದವರಿಗೆ ಕೋಟೆ ತೋರಿಸುತ್ತಾನೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಆಮೇಲೆ ಶೇಷಗಿರಿ ಎಷ್ಟು ಸಲ ಹೋದರೂ ಆ ಬಾಗಿಲು ಅವನಿಗೆ ತೆರೆಯಲಿಲ್ಲ.

ಮರುವರ್ಷ ಆಚಾರ್ಯರು ತೀರಿಕೊಂಡರು. ಅವರೇ ಹೇಳಿಟ್ಟಿದ್ದರಂತೆ, ಬೆಂಕಿ ಹಿಡಿದವನು ಕಾಕಾನ ಮಗ ಗುರುರಾಜ. ಹೆತ್ತ ಮಗ ಬೇವಿನ ಗಿಡದ ಕೆಳಗೆ ಊರವರ ಜೊತೆ ನಿಂತು ನೋಡಿದ. ಅಪ್ಪನ ಬಾಯಿಗೆ ನಾಕು ಕಾಳು ಅಕ್ಕಿ ಹಾಕು ಬಾ ಎಂದು ಯಾರೂ ಕರೆಯಲಿಲ್ಲ. ಶೇಷಗಿರಿ ಸೇಂದಿಯ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿದವನಲ್ಲ. ಅದನ್ನು ಹೇಳುವುದಕ್ಕೂ ಅವನಿಗೆ ಬಾಗಿಲು ಸಿಗಲಿಲ್ಲ.

ರಾಮಲಿಂಗಪ್ಪನಿಗೆ ತಾನಾಡಿದ ಮಾತು ನೆನಪೇ ಇರಲಿಲ್ಲ. ಸೂತಕ ಕಳೆದು ಬಂದವನಿಗೆ ಅವನು ಹೇಳಿದ್ದು ಇಷ್ಟೇ: "ಹೋದ್ರಂತಲ್ಲೋ ನಿಮ್ಮಪ್ಪ, ಪಾಪ. ಐತವಾರ ಸವಾರಿ ಅದ ಮತ್ತ, ಮರೀಬ್ಯಾಡ."

ಮರೆಯುವುದಿಲ್ಲ ಎಂದ ಶೇಷಗಿರಿ. ಅಂದೇ ನಿರ್ಧಾರವಾಯಿತು.

ಸವಾರಿ ಹೂಡುವುದು ಅವನಷ್ಟು ಯಾರಿಗೂ ಬರುತ್ತಿರಲಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ ಕಟ್ಟೋಣಕ್ಕೆ ಬಂದು ರಾಯಚೂರಿನಲ್ಲಿ ಮನೆ ಮಾಡಿದ್ದ ಇಂಜಿನಿಯರುಗಳು ರವಿವಾರ ಬಂತೆಂದರೆ ಎಲ್ಲಿಗಾದರೂ ಕರೆದೊಯ್ಯಿ ಎನ್ನುತ್ತಿದ್ದರು. ಬೆಳಿಗ್ಗೆ ಕೋಟೆ. ಗೋಡೆಯಲ್ಲಿರುವ ಉದ್ದನೆಯ ಕಲ್ಲು, ಅದನ್ನು ಬಂಡಿಗೆ ಹೇರಿ ಎಳೆದು ತರುವ ದೃಶ್ಯದ ಕೆತ್ತನೆ ತೋರಿಸಬೇಕು. ಬಿಸಿಲೇರುವ ಮುಂಚೆ ಊರು ಬಿಡಬೇಕು, ಯಾಕೆಂದರೆ ತಂಪಿನಲ್ಲಿ ಮಂದಿ ಹೊಲ ನೋಡುತ್ತಾರೆ, ಬಿಸಿಲಲ್ಲಿ ಗಡಿಯಾರ ನೋಡುತ್ತಾರೆ. ದೇವದುರ್ಗ ಸುತ್ತಿಸಿ, ಮಧ್ಯಾಹ್ನಕ್ಕೆ ಕುರ್ಡಿಯ ಆಚೆ ಹಳ್ಳದ ದಂಡೆಯ ಈಚಲು ಬನ. ಆಗಷ್ಟೇ ಇಳಿಸಿದ ಸೇಂದಿ, ಬನದಲ್ಲಿ ಅಡುಗೆ ಮಾಡುವ ಕರೆಮ್ಮ ಬಡಿದ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಉಂಡವರು ಹುಣಸೆ ಮರದ ನೆರಳಲ್ಲಿ ಉರುಳಿದರೆ ಸಂಜೆಯವರೆಗೆ ಏಳುವವರಲ್ಲ.

ರಾಮಲಿಂಗಪ್ಪ ಮಾತ್ರ ಅಲ್ಲಿ ಮಲಗುತ್ತಿರಲಿಲ್ಲ. ಬನದ ಹಿಂದೆ ಹಳೆಯ ಕಲ್ಲುಬಾವಿಯಿತ್ತು. ಅದರ ದಂಡೆಯ ಚಪ್ಪಡಿಯ ಮೇಲೆ, ನೀರಿನ ತಂಪು ಬಡಿಯುವಂತೆ, ಹೊಟ್ಟೆ ಮೇಲೆ ಮಾಡಿ ಮಲಗುವವನು.

"ಯಪ್ಪಾ, ಬಾವಿ ಏನ್ ನಿನಗ ಹೆಣ್ತಿ ಆಗ್ಯಾದೇನು? ಬಂದಾಗೆಲ್ಲ ಅದರ ಮಗ್ಗಲದಾಗ ಬೀಳ್ತಿ," ಎನ್ನುತ್ತಿದ್ದಳು ಕರೆಮ್ಮ.

"ಹೆಣ್ತಿಕಿಂತ ತಂಪದ ಬೇ. ಮ್ಯಾಲೆ ಮಾತಾಡಂಗಿಲ್ಲ."

"ಒಂದಿನ ಒಳಗ ಕರಕೊಂತದ ನೋಡು."

ಆ ಮಾತನ್ನು ಬನಕ್ಕೆ ಬಂದವರೆಲ್ಲ ಕೇಳಿದ್ದರು. ಶೇಷಗಿರಿ ಬೇಕೆಂದೇ ಕೇಳಿಸುತ್ತಿದ್ದ. ಹೊಸ ಮಂದಿ ಬಂದಾಗ, "ಕರೆಮ್ಮ, ನಮ್ಮ ಸಾಹುಕಾರ್ರು ಎಲ್ಲಿ ಮಕ್ಕೊಂಡಾರ?" ಎಂದು ಅವನೇ ಎಳೆ ಹಚ್ಚುತ್ತಿದ್ದ. ಉಳಿದದ್ದನ್ನು ಅವಳು ಹೇಳುತ್ತಿದ್ದಳು. ಹೀಗೆ ಒಂದು ಸಾವು ಆಗುವ ಮುಂಚೆಯೇ ಅದರ ಕಾರಣ ಎಲ್ಲರ ಕಿವಿಯಲ್ಲೂ ಕೂತಿತು.

ಇನ್ನುಳಿದದ್ದು ತಾನು ಅಲ್ಲಿ ಇರದೇ ಇರುವುದು. ಅದಕ್ಕಾಗಿ ದಾರಿ ತಿರುವಿದ. ಮೊದಲು ಮಾನ್ವಿ, ಅಲ್ಲಿಂದ ದೇವದುರ್ಗ, ಮಧ್ಯಾಹ್ನ ಬನ, ಸಂಜೆ ಮತ್ತೆ ಮಾನ್ವಿ. ಅಪ್ಪನ ಮನೆಯ ಮಾತಿದೆ ಎಂದು ತಾನು ಬೆಳಿಗ್ಗೆ ಮಾನ್ವಿಯಲ್ಲಿ ಇಳಿಯುವುದು, ಸಂಜೆ ಅಲ್ಲೇ ವ್ಯಾನು ಹತ್ತುವುದು. ಊರ ಹೊರಗೆ ಬಿದ್ದುಹೋದ ಮಂಟಪದಲ್ಲಿ, ದೂರದ ಸಂತೆಯಲ್ಲಿ ಕೊಂಡ ಹಳೆಯ ಸೈಕಲ್ಲು ಮುಳ್ಳುಕಂಟಿಯ ಕೆಳಗೆ ಕಾದಿರುತ್ತದೆ. ಹೊಲದ ದಾರಿಯಲ್ಲಿ, ತಲೆಗೆ ಟವೆಲ್ ಸುತ್ತಿ ಸೈಕಲ್ ತುಳಿಯುವವನನ್ನು ಯಾರೂ ಎರಡು ಸಲ ನೋಡುವುದಿಲ್ಲ.

ನಡುವಿನ ಹೊತ್ತು ಎಲ್ಲಿದ್ದೆ ಎಂದು ಯಾರಾದರೂ ಕೇಳಿದರೆ? ಇದನ್ನು ಅವನು ಬಹಳ ದಿನ ಯೋಚಿಸಿದ. ಸ್ನೇಹಿತನ ಮನೆ ಎಂದರೆ ಸ್ನೇಹಿತನನ್ನು ಕೇಳುತ್ತಾರೆ. ಹೋಟೆಲ್ಲು ಎಂದರೆ ಮಾಣಿಯನ್ನು ಕೇಳುತ್ತಾರೆ. ಕೊನೆಗೆ ಹೊಳೆದದ್ದು ಮಠದ ಎಲೆಸಾಲು. ಮಂತ್ರಾಲಯಕ್ಕೆ ಹೋಗುವವರು, ಬರುವವರು, ಊರ ಬಡವರು, ಯಾರು ಬಂದು ಕೂತರೂ ಅಲ್ಲಿ ಎಲೆ ಬೀಳುತ್ತದೆ. ಬಡಿಸುವವನು ಎಲೆ ನೋಡುತ್ತಾನೆ, ಮುಖ ನೋಡುವುದಿಲ್ಲ. ಉಣ್ಣುವವನು ತನ್ನ ಅನ್ನ ನೋಡುತ್ತಾನೆ. ನೂರು ಮಂದಿ ಕೂತ ಕಡೆ ನೀನು ಇರಲಿಲ್ಲ ಎಂದು ಎದೆ ತಟ್ಟಿ ಹೇಳುವವನು ಒಬ್ಬನೂ ಇಲ್ಲ. ಈ ಸಾಲಿನಲ್ಲೇ ಉಂಡು ಬೆಳೆದವನು ಅವನು. ಅಪ್ಪ ಕೊಡದ ಅನ್ನವನ್ನು ಅಪ್ಪನ ಮಠದಿಂದಲೇ ಪಡೆದಂತಾಗುತ್ತದೆ ಎಂದು ಒಳಗೊಳಗೇ ಹಿತವೂ ಆಯಿತು.

ಎಂಬತ್ತೊಂದರ ಚಳಿಗಾಲ, ಒಂದು ರವಿವಾರ. ಬೆಳಿಗ್ಗೆ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಎಲ್ಲರ ಜೊತೆ ವಗ್ಗರಣಿ ಮಂಡಾಳು, ಮಿರ್ಚಿ ತಿಂದ. ಮಾನ್ವಿಯಲ್ಲಿ ಇಳಿದಾಗ ರಾಮಲಿಂಗಪ್ಪ ಕಿಟಕಿಯಿಂದ ತಲೆ ಹಾಕಿದ.

"ಸಂಜಿಗಿ ತಯಾರಿರು. ಹೊತ್ತು ಮಾಡಿದಿ ಅಂದ್ರ ಬಿಟ್ಟು ಹೋಗ್ತೀನಿ ಮತ್ತ."

"ನೀವು ಬಿಟ್ಟು ಹೋಗೋದು ಅದ ಬಿಡ್ರಿ," ಎಂದ ಶೇಷಗಿರಿ. ಇಬ್ಬರೂ ನಕ್ಕರು.

ಮಠದ ಅಂಗಳದಲ್ಲಿ ಗುರುರಾಜನಿಗೆ ಮುಖ ತೋರಿಸಿದ, ಎರಡು ಮಾತಾಡಿದ, ಪೇಟೆ ಕಡೆ ಹೋಗಿ ಬರುತ್ತೇನೆ ಎಂದು ಹೊರಟ. ಎಲ್ಲವೂ ಹೂಡಿದಂತೆಯೇ ನಡೆಯಿತು. ಮಧ್ಯಾಹ್ನ ಅವನ ಸೈಕಲ್ಲು ಬನ ಮುಟ್ಟಿದಾಗ ಕರೆಮ್ಮ ಪಾತ್ರೆ ತಿಕ್ಕಲು ಹಳ್ಳಕ್ಕೆ ಇಳಿದಿದ್ದಳು. ಇಂಜಿನಿಯರುಗಳು ಹುಣಸೆಯ ನೆರಳಲ್ಲಿ ಬಾಯಿ ತೆರೆದು ಮಲಗಿದ್ದರು. ರಾಮಲಿಂಗಪ್ಪ ಚಪ್ಪಡಿಯ ಮೇಲಿದ್ದ. ಅವನ ಮೀಸೆಯ ಮೇಲೆ ಸೇಂದಿಯ ನೊರೆ ಒಣಗಿತ್ತು, ಅದರ ಮೇಲೊಂದು ನೊಣ ಕೂತಿತ್ತು. ಶೇಷಗಿರಿ ಕೂಗಲಿಲ್ಲ, ಎಬ್ಬಿಸಿ ಕಾರಣ ಹೇಳಲಿಲ್ಲ. ಬಾಗಿಲು ಮುಂದೆ ಮಾಡುವವನ ಹಾಗೆ ಎರಡೂ ಅಂಗೈ ಹಚ್ಚಿ ನೂಕಿದ. ಕೆಳಗೆ ಕಲ್ಲಿಗೆ ತಲೆ ಬಡಿದ ಸಪ್ಪಳ, ಆಮೇಲೆ ನೀರಿನ ಸಪ್ಪಳ. ಸ್ವಲ್ಪ ಹೊತ್ತು ಬಗ್ಗಿ ನೋಡಿದ. ನೀರು ಸುಮ್ಮನಾಯಿತು.

ಸಂಜೆ ವ್ಯಾನು ಮಾನ್ವಿಗೆ ಬಂದಾಗ ಇಂಜಿನಿಯರೊಬ್ಬ ಓಡಿಸುತ್ತಿದ್ದ. ಹಿಂದೆಯೇ ಪೊಲೀಸ್ ಜೀಪು. ಶೇಷಗಿರಿ ಮಠದ ಕಟ್ಟೆಯ ಮೇಲೆ ಗುರುರಾಜನ ಪಕ್ಕ ಕೂತಿದ್ದ. ಸುದ್ದಿ ಕೇಳಿ ಎದ್ದು ನಿಂತ, ತಲೆಯ ಮೇಲೆ ಕೈ ಇಟ್ಟುಕೊಂಡ. ಅದನ್ನೂ ಎಷ್ಟು ಬೇಕೋ ಅಷ್ಟೇ ಮಾಡಿದ.

ಫೌಜದಾರ ಅಬ್ದುಲ್ ವಹೀದ್ ವಯಸ್ಸಾದವನು, ದಣಿದಿದ್ದ. ಕರೆಮ್ಮ ಅವನಿಗೆ ಎಲ್ಲ ಹೇಳಿಬಿಟ್ಟಿದ್ದಳು.

"ಕುಡದು ಬಾವಿ ದಂಡಿಗಿ ಮಕ್ಕೊಂಡ್ರ ಇನ್ನೇನಾಗ್ತದ್ರಿ. ಬಿದ್ದಾನ, ಸತ್ತಾನ. ನಿಮಗೇನೂ ಕೇಳೋದಿಲ್ಲ ಆಚಾರ್ರ, ನೀವು ಅಲ್ಲಿ ಇರಲೇ ಇಲ್ಲಂತಲ್ಲ," ಎಂದು ಫೌಜದಾರ ಶೇಷಗಿರಿಗೆ ಹೇಳಿ ಜೀಪಿನ ಕಡೆ ತಿರುಗಿದ.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ದಿನ ಕಟ್ಟಿಟ್ಟ ಮಾತು ಶೇಷಗಿರಿಯ ಬಾಯಲ್ಲೇ ಇತ್ತು. ಕೇಳುವವರಿಲ್ಲದೆ ಅದು ಕೆಟ್ಟುಹೋಗುತ್ತದೆ ಅನ್ನಿಸಿತೋ ಏನೋ.

"ಹೌದ್ರಿ ಸಾಹೇಬ್ರ, ನಾ ಇಲ್ಲೇ ಇದ್ದೆ. ಮಧ್ಯಾಹ್ನ ಮಠದಾಗ ಸಾಲಿನ್ಯಾಗ ಕೂತು ಉಂಡ್ನಿ. ಕೋಸಂಬರಿ, ಹುಳಿ, ಹಯಗ್ರೀವ. ಭಾಳ ಮಂದಿ ಇತ್ತು."

"ಹಯಗ್ರೀವನೂ ಇತ್ತಾ?" ಫೌಜದಾರ ಹೋಗುತ್ತ ಹೋಗುತ್ತ, ಮಾತಿಗೆಂದು, ಗುರುರಾಜನ ಕಡೆ ನೋಡಿ ನಕ್ಕ. "ನಮಗ ಒಂದಿಷ್ಟು ಉಳಿಸೀರೇನ್ರಿ ಮತ್ತ?"

ಗುರುರಾಜನ ತುಟಿಗಳು ಒಣಗಿ ಬಿಳಿಚಿದ್ದವು. ಅವನು ಅಣ್ಣನ ಮುಖವನ್ನೇ ನೋಡಿದ. ಮನೆತನದ ಮಾನಕ್ಕಾಗಿ ಬೇರೆ ಯಾವ ಸುಳ್ಳನ್ನಾದರೂ ಅವನು ಹೇಳುತ್ತಿದ್ದನೇನೋ, ಆದರೆ ಇದನ್ನು ಹೇಳಲು ಅವನ ನಾಲಿಗೆ ಏಳಲಿಲ್ಲ. "ಇವತ್ತು ಏಕಾದಶಿ ಅದ್ರಿ," ಎಂದ ಮೆಲ್ಲಗೆ. "ಮಠದಾಗ ಒಲಿನೇ ಹಚ್ಚಿಲ್ಲ. ಮುಂಜಾನಿಂದ ನಾವ್ಯಾರೂ ನೀರು ಸುದ್ದಾ ಮುಟ್ಟಿಲ್ಲ." ಫೌಜದಾರ ಜೀಪಿನ ಮೇಲಿಟ್ಟ ಕಾಲನ್ನು ಕೆಳಗೆ ಇಳಿಸಿದ. ಅರ್ಚಕರ ಮಗ ಶೇಷಗಿರಿ, ಊರಿನ ದೀಪ ಹತ್ತುವ ಮುಂಚೆ, ಅದೇ ಜೀಪಿನಲ್ಲಿ ಮಾನ್ವಿ ಬಿಟ್ಟು ಹೋದ, ಏಕಾದಶಿಯ ದಿನ.